ಕಾವಿನ ತೊಟ್ಟಿಲು

"ಗುರುಗಳೇ, ಬೇಡಿದ್ದು ಕೈಗೆ ಬರುವ ಹೊತ್ತಿಗೆ, ಯಾರಿಗಾಗಿ ಬೇಡಿದೆವೋ ಅವರೇ ಇಲ್ಲವಾಗಿದ್ದರೆ ಅದನ್ನು ಏನು ಮಾಡಬೇಕು?"

ಕೇಳಿದವನು ಗುರುಸಿದ್ಧ. ತಾಯಿಯ ಉಬ್ಬಸ ವಾಸಿ ಮಾಡಬೇಕೆಂದು ಮಠಕ್ಕೆ ಬಂದು ಆರು ವರ್ಷ ವೈದ್ಯ ಕಲಿತವನು. ಕಲಿಕೆ ಮುಗಿಯಲು ಒಂದು ತಿಂಗಳು ಉಳಿದಿರುವಾಗ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಅವನು ಯಾರ ನಾಡಿಯನ್ನೂ ಹಿಡಿದಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಒಬ್ಬ ದಾದಿ ಇದ್ದಳು. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದು ಅವಳ ಕೆಲಸ. ಊರಿನ ಕೂಸುಗಳೆಲ್ಲ ಮೊದಲು ಅವಳ ಕೈಗೇ ಬರುತ್ತಿದ್ದವು. ಅವಳ ಸ್ವಂತ ಕೂಸು ಮಾತ್ರ ಏಳು ತಿಂಗಳಿಗೇ ಹುಟ್ಟಿತು. ಹೆಣ್ಣು ಕೂಸು. ಎಷ್ಟು ಹೊದಿಸಿದರೂ ಮೈಯಲ್ಲಿ ಕಾವು ನಿಲ್ಲಲಿಲ್ಲ. ಅಂಥ ಕೂಸುಗಳನ್ನು ಬೆಚ್ಚಗಿಡುವ ಯಂತ್ರದ ತೊಟ್ಟಿಲು ಇದ್ದದ್ದು ದೂರದ ಪಟ್ಟಣದಲ್ಲಿ. ಹಸಿ ಬಾಣಂತಿ ಕೂಸನ್ನು ಎದೆಗವಚಿಕೊಂಡು ಗಾಡಿ ಹತ್ತಿದಳು. ಪಟ್ಟಣ ಕಾಣುವ ಮೊದಲೇ ಕೂಸು ತಣ್ಣಗಾಯಿತು.

ಹದಿನಾರನೆಯ ದಿನ ಅವಳು ಮೇಲಿನವರಿಗೆ ಅರ್ಜಿ ಬರೆದಳು. ನಮ್ಮೂರಿಗೂ ಅಂಥದೊಂದು ತೊಟ್ಟಿಲು ಬೇಕು ಎಂದು ಕೇಳಿದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಹೀಗೇ ಒಂಬತ್ತು ವರ್ಷ ಬರೆದಳು. ಊರವರು ಅವಳ ಛಲವನ್ನು ಮೆಚ್ಚಿಕೊಂಡರು. ಅದು ಛಲವಲ್ಲವೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅರ್ಜಿ ಬರೆಯಲು ಕೂತಾಗಲೆಲ್ಲ ಕೂಸು ಇನ್ನೂ ದಾರಿಯಲ್ಲಿದೆ, ತೊಟ್ಟಿಲು ಬೇಗ ಬಂದರೆ ಉಳಿದೀತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಹತ್ತನೆಯ ವರ್ಷ ತೊಟ್ಟಿಲು ಬಂತು.

ಹೊಳೆಗೆ ಸೇತುವೆಯಿರಲಿಲ್ಲ, ಲಾರಿ ಆಚೆ ದಡದಲ್ಲೇ ನಿಂತಿತು. ಎದೆಯೆತ್ತರದ ಮರದ ಪೆಟ್ಟಿಗೆ, ಅದರ ಜೊತೆಗೆ ಜೋಡಿಸಿಕೊಡಲು ಬಂದ ಒಬ್ಬ ಮೇಸ್ತ್ರಿ. ಪೆಟ್ಟಿಗೆಯ ಬದಿಗೆ ಒಂದು ಚೀಟಿ ಅಂಟಿಸಿದ್ದರು. ಪೆಟ್ಟಿಗೆ ವಾಲಿದರೆ ಆ ಚೀಟಿ ಕೆಂಪಾಗುತ್ತದೆ, ಕೆಂಪಾಗಿದ್ದರೆ ಇಳಿಸಿಕೊಳ್ಳಬಾರದು ಎಂದು ಮೇಸ್ತ್ರಿ ಹೇಳಿದ. ಎದುರುಗೊಳ್ಳಲು ದೋಣಿಯಲ್ಲಿ ಬಂದಿದ್ದ ದಾದಿ ಬಗ್ಗಿ ನೋಡಿದಳು. ಬೆಳ್ಳಗಿತ್ತು.

ನಾಲ್ಕು ಆಳು ಸೇರಿ ಪೆಟ್ಟಿಗೆಯನ್ನು ದೋಣಿಗಿಳಿಸಿದರು. ನಡುಹೊಳೆಯಲ್ಲಿ ದೋಣಿ ಹೊಯ್ದಾಡಿದಾಗ ಅವಳು ಎರಡೂ ತೋಳಿನಿಂದ ಪೆಟ್ಟಿಗೆಯನ್ನು ತಬ್ಬಿ ಹಿಡಿದಳು. ಹಗ್ಗ ಬಿಗಿದಿದೆ, ಬಿಡಮ್ಮ ಎಂದು ಅಂಬಿಗ ಹೇಳಿದ. ಅವಳು ಬಿಡಲಿಲ್ಲ. ಈಚೆ ದಡದಲ್ಲಿ ಎತ್ತಿನಗಾಡಿಗೆ ಹುಲ್ಲು ಹಾಸಿ ಪೆಟ್ಟಿಗೆ ಏರಿಸಿದರು. ಅವಳು ಗಾಡಿಯ ಪಕ್ಕದಲ್ಲೇ ನಡೆದಳು. ಹಳ್ಳ ಬಂದಲ್ಲೆಲ್ಲ ಪೆಟ್ಟಿಗೆಗೆ ಹೆಗಲು ಕೊಟ್ಟಳು.

ಆಸ್ಪತ್ರೆಯಲ್ಲಿ ಮೇಸ್ತ್ರಿ ಮೊಳೆಗಳನ್ನು ಒಂದೊಂದಾಗಿ ಕಿತ್ತು ಹಲಗೆ ಬಿಚ್ಚಿದ. ಕಾಲುಗಳು ಬಂದವು, ಗಾಜಿನ ಗೋಡೆಗಳು ಬಂದವು, ತಂತಿಗಳು ಬಂದವು. ದಾದಿ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದಳು. ಕೊನೆಗೆ ಪೆಟ್ಟಿಗೆಯ ತಳದಿಂದ ಒಂದು ಹಾಸಿಗೆ ಬಂತು. ಒಂದೂವರೆ ಮೊಳದ ಹಾಸಿಗೆ. ಅವಳು ಗುರುತು ಹಾಕುವುದನ್ನು ಮರೆತಳು.

ಮೇಸ್ತ್ರಿ ಎಲ್ಲವನ್ನೂ ಜೋಡಿಸಿ ಯಂತ್ರ ಹಚ್ಚಿದ. ಅರ್ಧ ಗಂಟೆ ಕಳೆದ ಮೇಲೆ ಕೈಯಿಟ್ಟು ನೋಡಲು ಹೇಳಿದ. ಅವಳು ಹಾಸಿಗೆಯ ಮೇಲೆ ಅಂಗೈ ಇಟ್ಟಳು. ಎಷ್ಟು ಬೆಚ್ಚಗಿರಬೇಕೋ ಅಷ್ಟೇ ಬೆಚ್ಚಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಒಂಬತ್ತು ವರ್ಷದಿಂದ ದಾರಿಯಲ್ಲಿದ್ದ ಕೂಸು ಅಲ್ಲಿಗೆ ಬಂದು ಸೇರಲಿಲ್ಲ.

ಸರಕು ತಲುಪಿತೆಂದು ಸಹಿ ಹಾಕಲು ಮೇಸ್ತ್ರಿ ಕಾಗದ ಚಾಚಿದ.

"ತಿರುಗಿ ಒಯ್ದುಬಿಡಿ. ಯಾರಿಗಾಗಿ ಕೇಳಿದ್ದೆನೋ ಅವಳು ಇನ್ನು ಬರುವುದಿಲ್ಲ" ಎಂದಳು ದಾದಿ.

ಮೇಸ್ತ್ರಿ ಕಾಗದವನ್ನು ಇನ್ನೊಮ್ಮೆ ಓದಿಕೊಂಡ. "ಅಮ್ಮಾ, ಇದರಲ್ಲಿ ಊರಿನ ಹೆಸರು ಬರೆದಿದ್ದಾರೆ. ಕೂಸಿನ ಹೆಸರು ಬರೆದಿಲ್ಲ."

ಲಾರಿ ಮರುದಿನ ಸಂಜೆ ಹಿಂದಿರುಗುವುದಿತ್ತು. ಅಲ್ಲಿಯವರೆಗೆ ಕಾಯುತ್ತೇನೆಂದು ಮೇಸ್ತ್ರಿ ಕಾಗದವನ್ನು ಮೇಜಿನ ಮೇಲಿಟ್ಟ.

ಮರುದಿನ ಮಧ್ಯಾಹ್ನ ಕುರಿಗಾಹಿಯೊಬ್ಬ ಹೆಂಡತಿಯನ್ನು ಕರೆತಂದ. ಅವಳಿಗೆ ಎಂಟನೆಯ ತಿಂಗಳು. ಬಂದ ಗಳಿಗೆಯಲ್ಲೇ ಗಂಡು ಕೂಸನ್ನು ಹೆತ್ತಳು. ಕೂಸಿನ ತುಟಿ ನೀಲಿ, ಪಾದ ತಣ್ಣಗೆ. ಪಟ್ಟಣಕ್ಕೆ ಒಯ್ಯುತ್ತೇನೆ, ಗಾಡಿ ಹೂಡಲೇ ಎಂದು ಕುರಿಗಾಹಿ ಕೇಳಿದ. ದಾದಿಗೆ ಆ ದಾರಿಯ ಒಂದೊಂದು ತಿರುವೂ ಗೊತ್ತಿತ್ತು. ಬೇಡವೆಂದು ತಲೆಯಾಡಿಸಿದಳು. ಕೂಸನ್ನು ಒರೆಸಿ ಒಳಗೆ ಒಯ್ದಳು. ಹಾಸಿಗೆಯ ಮೇಲೆ ಮಲಗಿಸುವಾಗ, ಅಲ್ಲಿಂದ ತನ್ನ ಕೂಸನ್ನು ಎತ್ತಿ ಜಾಗ ಮಾಡಿದಂತೆ ಅವಳಿಗೆ ಅನ್ನಿಸಿತು.

ಹೊತ್ತು ಇಳಿಯುವ ವೇಳೆಗೆ ಕೂಸಿನ ಪಾದಗಳು ಕೆಂಪಾದವು. ಅದು ಅತ್ತಿತು. ದಾದಿ ಮೇಜಿನ ಬಳಿಗೆ ಹೋಗಿ ಕಾಗದಕ್ಕೆ ಸಹಿ ಹಾಕಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಗುರುಸಿದ್ಧ ತಲೆ ತಗ್ಗಿಸಿಯೇ ಕೇಳಿದ. "ಅವಳ ಹಂಬಲ ತೀರಿತೇ?"

"ತೀರಲಿಲ್ಲ. ಹೊರಗೆ ನಮ್ಮ ಮಠದ ಜಗಲಿಯ ಮೇಲೆ ಯಾರದೋ ತಾಯಿ ಕೆಮ್ಮುತ್ತ ಕೂತಿದ್ದಾಳೆ" ಎಂದರು ಗುರುಗಳು.

ಗುರುಸಿದ್ಧ ಎದ್ದು ಜಗಲಿಗೆ ಹೋಗಿ ಅವಳ ನಾಡಿ ಹಿಡಿದ.