ಸೂಗವ್ವ ಇಟ್ಟ ಮೆಟ್ಟಿಲು

ತುಂಬಾ ಹಿಂದಿನ ಮಾತು. ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದ ಕಾಲ. ಒಂದು ಊರಿನಲ್ಲಿ ಸೂಗವ್ವ ಎಂಬ ಹೆಂಗಸಿದ್ದಳಂತೆ. ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಊರಿನವರೆಲ್ಲ ಸೂಗವ್ವ ನಮ್ಮವಳು ಎಂದು ಜಗಳಕ್ಕೆ ಬರುತ್ತಾರೆ.

ಸೂಗವ್ವನ ಕೆಲಸ ಕೌದಿ ಹೊಲಿಯುವುದು. ಹಳೇ ಸೀರೆ, ಹರಿದ ಧೋತರ, ಕೂಸಿನ ಕುಲಾವಿ, ಏನು ಕೊಟ್ಟರೂ ಸೇರಿಸಿ ಬೆಚ್ಚಗಿನ ಹೊದಿಕೆ ಮಾಡಿಕೊಡುತ್ತಿದ್ದಳು. ಕರೆದವರ ಮನೆಗೇ ಹೋಗಿ, ಬಾಗಿಲ ಬೆಳಕಿಗೆ ನೆಲದ ಮೇಲೆ ಕಾಲು ಚಾಚಿ ಕೂತರೆ ಸಂಜೆಗೇ ಏಳುವುದು. ಹಾಗಾಗಿ ಆ ಊರಿನ ಮನೆಗಳನ್ನೆಲ್ಲ ಅವಳು ನೆಲದ ಮೇಲಿಂದಲೇ ನೋಡಿದವಳು. ನಿಂತು ನೋಡುವ ಮನೆಯೇ ಬೇರೆ, ಕೂತು ನೋಡುವ ಮನೆಯೇ ಬೇರೆ. ಬೇಕಾದರೆ ನೀವೂ ಕೂತು ನೋಡಿ.

ನಾಯಿಮರಿಗಳ ವಿಷಯದಲ್ಲಿ ಅವಳ ಬಗ್ಗೆ ಏನೇನೋ ಹೇಳುತ್ತಾರೆ. ಅವಳು ಒಮ್ಮೆ ಬೆನ್ನು ಸವರಿದರೆ ಸಾಕು, ಮರಿ ಮತ್ತೆ ಮನೆಯೊಳಗೆ ಉಚ್ಚೆ ಹೊಯ್ಯುತ್ತಿರಲಿಲ್ಲವಂತೆ. ಗುಡ್ಡದ ತೋಳವೊಂದು ತನ್ನ ಮರಿಗಳನ್ನು ಕಚ್ಚಿಕೊಂಡು ಬಂದು, ಗವಿಯೆಲ್ಲ ನಾರುತ್ತಿದೆ ಎಂದು ಅವಳ ಮುಂದೆ ಗೋಳಾಡಿತಂತೆ. ತೋಳದ್ದು ಸುಳ್ಳಿರಬಹುದು. ರಾಚವ್ವನ ಮನೆಯದ್ದು ಮಾತ್ರ ನಿಜ ಅಂತಾರೆ.

ರಾಚವ್ವ ಅದೇ ಊರಿನ ದೊಡ್ಡ ಮನೆಯ ಯಜಮಾನಿ. ಆ ವರ್ಷ ಹೊಸದಾಗಿ ಸೊಸೆ ತಂದಿದ್ದಳು. ಸೊಸೆಯ ಹೆಸರು ಅಂಬವ್ವ, ತವರು ಹೊಳೆಯಾಚೆ. ಹೊರಟಾಗ ಅವಳ ತಾಯಿ, ಮಗಳಿಗೊಂದು ಜೊತೆಯಿರಲಿ ಎಂದು ಮಡಿಲಲ್ಲಿ ನಾಯಿಮರಿ ಇಟ್ಟು ಕಳಿಸಿದ್ದಳಂತೆ. ಕಂದು ಮರಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಆ ಮನೆಯಲ್ಲಿ ಅಂಬವ್ವನಿಗೆ ನನ್ನದು ಅನ್ನಲು ಇದ್ದದ್ದು ಅದೊಂದೇ ಜೀವ.

ಆ ಮರಿ ಮಾಡಿದ್ದೇನು? ಬಂದ ದಿನದಿಂದ ಹೊಸ್ತಿಲ ಬುಡದಲ್ಲೇ ಉಚ್ಚೆ. ಅಷ್ಟು ದೊಡ್ಡ ಮನೆಯಲ್ಲಿ ಅದಕ್ಕೆ ಹೊಸ್ತಿಲೇ ಆಗಬೇಕು. ರಾಚವ್ವ ಬೆಳಗೆದ್ದು ಹೊಸ್ತಿಲು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಕೈಮುಗಿದು ಒಳಗೆ ಹೋಗುವಷ್ಟರಲ್ಲಿ ಇದು ಬಂದು ಅಲ್ಲೇ ಕುಕ್ಕರಿಸುತ್ತಿತ್ತು. ಹೊಸ್ತಿಲೆಂದರೆ ಲಕ್ಷ್ಮಿ. ಮನುಷ್ಯರೇ ಅದನ್ನು ತುಳಿಯುವುದಿಲ್ಲ. ಮರಿಗೆ ಏಟು ಬಿತ್ತು. ಮೂತಿ ಹಿಡಿದು ನೆಲಕ್ಕೆ ತಿಕ್ಕಿದರು. ಏಟು ತಿಂದು ಕಣಜದ ಹಿಂದೆ ಅಡಗಿತು, ಮತ್ತೆ ಬಂದು ಹೊಸ್ತಿಲ ಬುಡದಲ್ಲೇ ಹೊಯ್ದಿತು. ಯಾರೂ ನೋಡದ ಹಾಗೆ ಅಂಬವ್ವ ಸೆರಗಿನಿಂದಲೇ ಒರೆಸುತ್ತಿದ್ದಳಂತೆ, ಪಾಪ.

ರಾಚವ್ವ ಕೆಟ್ಟವಳಲ್ಲ. ಅವಳಿಗೂ ಒಂದು ತಾಳ್ಮೆ ಅಂತ ಇತ್ತು, ಅದು ಮುಗಿಯಿತು ಅಷ್ಟೆ. ನಾಳೆ ಬಂಡಿ ಸಂತೆಗೆ ಹೋಗುವಾಗ ಮರಿಯನ್ನೂ ಹಾಕಿ ಕಳಿಸಿ, ಯಾರಾದರೂ ಒಯ್ಯಲಿ ಎಂದಳು. ಅಂಬವ್ವ ಊಟ ಬಿಟ್ಟಳು.

ಅದೇ ದಿನ ಸೂಗವ್ವ ಬಂದಳಂತೆ, ಹೊಸ ಜೋಡಿಗೆ ಕೌದಿ ಹೊಲಿಯಲು. ಬಾಗಿಲ ಬಳಿ ಕೂತಳು, ಕಾಲು ಚಾಚಿದಳು, ಸೂಜಿಗೆ ದಾರ ಪೋಣಿಸಿದಳು. ಹೊಲಿಯುತ್ತ ಹೊಲಿಯುತ್ತ ನೋಡುತ್ತಾಳೆ, ಮರಿ ನಿದ್ದೆಯಿಂದ ಎದ್ದಿತು. ಮೈ ಕೊಡವಿ ನೆಟ್ಟಗೆ ಹೊಸ್ತಿಲಿಗೆ ಬಂತು. ಮುಂಗಾಲು ಎತ್ತಿ ಹೊಸ್ತಿಲಿಗೆ ಇಟ್ಟಿತು, ಜಾರಿತು. ಮತ್ತೆ ಇಟ್ಟಿತು, ಮತ್ತೆ ಜಾರಿತು. ಹೊರಗಿನ ಬಿಸಿಲನ್ನು ನೋಡಿ ಕುಂಯ್ ಅಂದಿತು. ಆಮೇಲೆ ತಡೆಯಲಾರದೆ, ಕಿವಿ ಮುದುರಿಕೊಂಡು, ಅಲ್ಲೇ ಹೊಯ್ದಿತು.

ಸೂಗವ್ವ ಸೊಸೆಯನ್ನು ಕರೆದು, ನಿಮ್ಮ ತವರಲ್ಲಿ ಹೊಸ್ತಿಲು ಎಷ್ಟೆತ್ತರ ಎಂದು ಕೇಳಿದಳಂತೆ. ನಮ್ಮದು ಗುಡಿಸಲು, ಹೊಸ್ತಿಲೇ ಇಲ್ಲ ಎಂದಳು ಅಂಬವ್ವ. ಈ ಊರಿನಲ್ಲೋ, ಚೇಳು ಬರಬಾರದು, ಮಳೆನೀರು ಬರಬಾರದು ಎಂದು ಮೊಣಕಾಲೆತ್ತರ ಹೊಸ್ತಿಲು. ನಾಯಿಗಳೆಲ್ಲ ಬೀದಿಯಲ್ಲೇ ಹುಟ್ಟಿ ಬೆಳೆಯುತ್ತಿದ್ದವು, ಮರಿಯನ್ನು ಒಳಗಿಟ್ಟು ಸಾಕಿದವರೇ ಇರಲಿಲ್ಲ. ಯಾರಿಗೆ ಹೊಳೆಯಬೇಕು?

ಅಂಬವ್ವ ಮರಿಗೆ ಗಂಜಿ ಹಾಕಿದಳು. ಅದು ಮತ್ತೆ ಹೊಸ್ತಿಲ ಕಡೆ ಹೊರಟಿದ್ದೇ ತಡ, ಸೂಗವ್ವ ಅರ್ಧ ಹೊಲಿದ ಕೌದಿಯನ್ನು ದಪ್ಪಗೆ ಮಡಚಿ ಹೊಸ್ತಿಲಿಗೆ ಒತ್ತಿಟ್ಟಳು. ಹೊಸಾ ಕೌದಿ ಹಾಳಾಯಿತು ಎಂದು ರಾಚವ್ವ ಕೂಗುತ್ತ ಬಂದಳು. ಅಷ್ಟರಲ್ಲಿ ಮರಿ ಕೌದಿ ಹತ್ತಿತು, ಹೊಸ್ತಿಲು ಹತ್ತಿತು, ಆಚೆ ಧುಮುಕಿ ಒಂದೇ ಉಸಿರಿಗೆ ಬೇವಿನ ಮರದ ಬುಡಕ್ಕೆ ಓಡಿತು. ಅಲ್ಲಿ ಕೂತು ಎಷ್ಟು ಹೊತ್ತು ಹೊಯ್ದಿತೆಂದರೆ, ಸೂಗವ್ವನಿಗೆ ನಗು ತಡೆಯಲಾಗಲಿಲ್ಲವಂತೆ.

“ಹೊಲಸ ಮಾಡಾಕ ಬರ್ತಿದ್ದಿಲ್ಲವ್ವ ಅದು. ಹೊರಗ ಹೋಗಾಕ ಬರ್ತಿತ್ತು” ಎಂದಳು.

ಮರಿ ಬಾಲ ಆಡಿಸುತ್ತ ವಾಪಸು ಬಂತು. ಆದರೆ ಆಚೆಯಿಂದಲೂ ಹೊಸ್ತಿಲು ಅಷ್ಟೇ ಎತ್ತರ. ಮುಂಗಾಲಿಟ್ಟು ಕುಂಯ್ ಅಂದಿತು. ಅಂಬವ್ವ ಏಳುವ ಮೊದಲೇ ರಾಚವ್ವ ಬಗ್ಗಿ ಎತ್ತಿಕೊಂಡಳಂತೆ. ಹೊಡೆದ ಕೈಯೇ ಅದು. ಮರಿ ಆ ಕೈಯನ್ನೇ ನೆಕ್ಕಿತು.

“ಸುಮ್ಮಸುಮ್ಮನ ಹೊಡದೆನಲ್ಲೋ ನಿನ್ನ” ಎಂದು ರಾಚವ್ವ ಅತ್ತಳು. ಅತ್ತೆ ಅತ್ತದ್ದು ಕಂಡು ಸೊಸೆಯೂ ಅತ್ತಳು. ಆಮೇಲೆ ರಾಚವ್ವ ತಾನೇ ರೊಟ್ಟಿ ಮುರಿದು ಸೊಸೆಯ ಬಾಯಿಗಿಟ್ಟಳು. ಹಿತ್ತಲಿನಿಂದ ಚಪ್ಪಟೆ ಕಲ್ಲು ತಂದು ಹೊಸ್ತಿಲಿನ ಒಳಗೊಂದು, ಹೊರಗೊಂದು ಇಟ್ಟಳು. ಮಾರನೆಯ ದಿನ ಬಂಡಿ ಸಂತೆಗೆ ಹೋಯಿತು, ಮರಿ ಮನೆಯಲ್ಲೇ ಉಳಿಯಿತು.

ಸೂಗವ್ವ ಹೋಗಿ ಎಷ್ಟು ಕಾಲವಾಯಿತೋ. ಇವತ್ತಿಗೂ ನಮ್ಮ ಕಡೆ ಮರಿ ತಂದರೆ ಮೊದಲು ಹೊಸ್ತಿಲಿಗೆ ಕಲ್ಲು ಇಡುತ್ತಾರೆ. ಸೂಗವ್ವನ ಮೆಟ್ಟಿಲು ಅನ್ನುತ್ತಾರೆ. ಮನೆಯ ಹಿರಿಯರು ಒಂದು ಹೊತ್ತು ಮರಿಯ ಜೊತೆ ನೆಲದ ಮೇಲೆ ಕೂರಬೇಕು. ಅದು ಎದ್ದಾಗ, ಉಂಡಾಗ ಕಲ್ಲಿನ ಹತ್ತಿರ ಕರೆದೊಯ್ಯಬೇಕು. ಹೊರಗೆ ಕೆಲಸ ಮುಗಿಸಿ ಬಂದರೆ, ಶಾಣ್ಯಾ ನನ ಕೂಸು ಎಂದು ಬೀದಿಗೆ ಕೇಳುವ ಹಾಗೆ ಹೊಗಳಬೇಕು. ಒಳಗೇ ಹೊಯ್ದರೆ ಬೈಯುವಂತಿಲ್ಲ. ಯಾಕೆ ತಡವಾಯಿತು ಎಂದು ನಮ್ಮನ್ನೇ ನಾವು ಕೇಳಿಕೊಳ್ಳಬೇಕು.

ಮರಿ ಬೆಳೆದು ಹೊಸ್ತಿಲು ಜಿಗಿಯಲು ಕಲಿತ ಮೇಲೂ ಕಲ್ಲು ತೆಗೆಯುವ ಪದ್ಧತಿಯಿಲ್ಲ. ನಮ್ಮ ಮನೆಯದು ಅಗೋ, ಅಲ್ಲೇ ಇದೆ. ನಾಯಿ ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಒಂದೇ ನೆಗೆತಕ್ಕೆ ಆಚೆ ಹೋಗಿ ನನಗಾಗಿ ಕಾಯುತ್ತದೆ. ಕಲ್ಲಿನ ಮೇಲೆ ಈಗ ಕಾಲಿಡುವವಳು ನಾನು.