ಹರಟೆಮಿತ್ರನನ್ನು ತೆಗೆದ ಸೋಮಲಿಂಗ

ಬನ್ನಿ, ಕೂತ್ಕೊಳ್ಳಿ, ಒಬ್ಬ ಜಾಣನ ಕತೆ ಹೇಳ್ತೀನಿ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಹೊನ್ನಾಜಮ್ಮನ ಲಗ್ನಪತ್ರಿಕೆ ಅಂಗಡಿ. ತೀರಿಹೋದ ಗಂಡ ಬಿಟ್ಟುಹೋಗಿದ್ದು ಎರಡೇ, ಒಂದು ಪ್ರಿಂಟರು, ಇನ್ನೊಂದು ಮಗ ಸೋಮಲಿಂಗ. ಪ್ರಿಂಟರು ಆಗಾಗ ಕೆಲಸ ಮಾಡುತ್ತಿತ್ತು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹಾಗಂತ ಅವ್ವನ ಮಾತು ಮೀರುವವನಲ್ಲ. ಮೀರಿದ್ದರೆ ಅವಳು ಎಷ್ಟೋ ಸುಖವಾಗಿರುತ್ತಿದ್ದಳು.

ಎದುರಿಗೇ ಹೊಸ ಪ್ರೆಸ್ ಬಂದು ಗಿರಾಕಿಗಳೆಲ್ಲ ಅತ್ತ ಹೋಗಿದ್ದರು. ಮಗಳ ಮದುವೆ ಪತ್ರಿಕೆ ಅಚ್ಚಿಗೆ ಕೊಟ್ಟ ತಮ್ಮಣ್ಣಶೆಟ್ಟರೊಬ್ಬರೇ ಉಳಿದವರು. ಅವರೂ ಕೈತಪ್ಪಿದರೆ ಅಂಗಡಿಗೆ ಬೀಗ. ಆ ಭಯಕ್ಕೆ ಹೊನ್ನಾಜಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ, ಅವಳು ಸಾಲ ಮಾಡಿ ತಂದ ಹೊಸ ಕಂಪ್ಯೂಟರಿನೊಳಗೆ ಒಬ್ಬ ಮಹಾನುಭಾವ ವಕ್ಕರಿಸಿದ್ದ. ಹೆಸರು ಹರಟೆಮಿತ್ರ, ಮೆಸೇಜು ಕಳಿಸುವ ಪ್ರೋಗ್ರಾಂ. ಯಾರೂ ಬೇಕೆಂದು ಕೇಳಿರಲಿಲ್ಲ, ಕಂಪನಿಯವರೇ ಪ್ರೀತಿಯಿಂದ ತುಂಬಿ ಕಳಿಸಿದ್ದರು. ವಧುವಿನ ಹೆಸರು ಟೈಪ್ ಮಾಡುವಷ್ಟರಲ್ಲಿ ಪರದೆಯ ನಡುವೆ ಟಣ್ ಅಂತ ಏಳುತ್ತಿತ್ತು. "ನಮಸ್ಕಾರ! ನಾನು ಹರಟೆಮಿತ್ರ, ಬಂದಿದ್ದೀನಿ!" ಆಮೇಲೆ ಟೈಪ್ ಮಾಡಿದ್ದೆಲ್ಲ ಅದರ ಹೊಟ್ಟೆಗೆ.

"ಮಗಾ, ಅದನ್ನ ತೆಗೆದುಹಾಕೋ," ಅಂತ ಹೇಳಿ ಹೊನ್ನಾಜಮ್ಮ ಕಾಗದ ತರಲು ಹೋದಳು. ಎಲ್ಲಿ ಒತ್ತಬೇಕು ಅಂತ ಪಕ್ಕದ ಮೊಬೈಲ್ ಅಂಗಡಿಯವನು ತೋರಿಸಿಕೊಟ್ಟಿದ್ದ. ಸೋಮಲಿಂಗ ಒತ್ತಿದ. "ಖಂಡಿತ ತೆಗೆಯಬೇಕೆ?" ಅಂತ ಪರದೆ ಕೇಳಿತು. ಕಂಪ್ಯೂಟರ್ ಅವ್ವನದು, ಖಂಡಿತವೋ ಅಲ್ಲವೋ ಅವಳಿಗೇ ಗೊತ್ತು. "ಬೇಡ" ಅಂತ ಒತ್ತಿ ಕಾಲು ಚಾಚಿ ಕೂತ. ಕಾಗದ ಹೊತ್ತು ಬಂದ ಹೊನ್ನಾಜಮ್ಮ ಅದನ್ನು ಕೇಳಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಅದು ಏನೇ ಕೇಳ್ಲಿ, ಹೂಂ ಅನ್ಬೇಕು ಕಣೋ!"

"ಆಗ್ಲವ್ವ!"

ಮಧ್ಯಾಹ್ನ ಹರಟೆಮಿತ್ರ ಮತ್ತೆ ಎದ್ದ. "ದಿನಾ ನಾನೇ ಮೊದಲು ಬರಲೆ?" ಹೂಂ. "ನನ್ನ ತಂಗಿ ಜಾತಕಮಿತ್ರೆಯನ್ನೂ ಕರೆತರಲೆ?" ಹೂಂ. "ತಮ್ಮ ಅಡುಗೆಮಿತ್ರನನ್ನು?" ಅಯ್ಯೋ, ಧಾರಾಳವಾಗಿ ಹೂಂ! ಹೊನ್ನಾಜಮ್ಮ ಊಟ ಮುಗಿಸಿ ಬಂದರೆ ಒಂದು ಹರಟುತ್ತಿದೆ, ಒಂದು ರಾಹುಕಾಲ ಹೇಳುತ್ತಿದೆ, ಒಂದು ಒಗ್ಗರಣೆ ಹಾಕುತ್ತಿದೆ.

"ಲೋ ಪೆದ್ದ್‌ಮುಂಡೇದೇ! ಕರೀದೆ ಬಂದೋರಿಗೆ ಯಾರಾದ್ರೂ ಹೂಂ ಅಂತಾರೇನೋ? ವೈರ್ ಕಿತ್ತು, ಮುಖ ತಿರುಗಿಸ್ಕೊಂಡು, ತುಟಿಪಿಟಕ್ಕನ್ನದೆ ಕೂತ್ಕೋಬೇಕು!"

"ಆಗ್ಲವ್ವ!"

ಸಂಜೆ ತಮ್ಮಣ್ಣಶೆಟ್ಟರು ಬಂದರು. ಯಾರೂ ಕರೆದಿರಲಿಲ್ಲ, ತಾವಾಗಿಯೇ ಬಂದರು. "ಏನಪ್ಪಾ, ಹುಡುಗಿ ಸೋದರಮಾವನ ಹೆಸರೇ ಬಿಟ್ಟುಹೋಗಿದೆ, ಸೇರಿಸ್ಬೇಕಲ್ಲ," ಅಂದರು. ಸೋಮಲಿಂಗ ಎದ್ದ, ವೈರ್ ಕಿತ್ತ, ಗೋಡೆ ಕಡೆ ತಿರುಗಿ ಕೂತ.

"ಅವ್ವ ಎಲ್ಲಪ್ಪಾ?"

ಉಸಿರಿಲ್ಲ.

"ಕಿವಿ ಕೇಳಲ್ವೇನಯ್ಯಾ?"

ಊಹೂಂ. ಶೆಟ್ಟರು ದುಸುಮುಸು ಅನ್ನುತ್ತ ಎದುರಿನ ಪ್ರೆಸ್ಸಿನ ಬಾಗಿಲಿಗೇ ನಡೆದರು. ಟೀ ತರಲು ಹೋಗಿದ್ದ ಹೊನ್ನಾಜಮ್ಮ ಅದನ್ನು ಕಂಡು ಎದೆ ಬಡಿದುಕೊಂಡಳು. ಅಂಗಡಿಗೆ ಓಡಿಬಂದು, ನಡೆದದ್ದನ್ನೆಲ್ಲ ಮಗನ ಬಾಯಿಂದಲೇ ಕೇಳಿ ಅತ್ತೇಬಿಟ್ಟಳು.

"ನಮ್ಮ ಅನ್ನಕ್ಕೇ ಕಲ್ಲು ಹಾಕಿದ್ಯಲ್ಲೋ! ಬಂದೋರಿಗೆ ನಮಸ್ಕಾರ ಹೇಳಿ, ಹೆಸರು ಕೇಳಿ, ಪತ್ರಿಕೇಲಿ ದಪ್ಪಕ್ಷರದಲ್ಲಿ ಹಾಕ್ಬೇಕು ಕಣೋ! ಒಬ್ಬ ನೆಂಟನ ಹೆಸರು ಬಿಟ್ರೂ ಮದುವೆಮನೇಲಿ ರಂಪ ಆಗುತ್ತೆ. ನಾನು ಶೆಟ್ಟರ ಕೈಕಾಲು ಹಿಡಿದು ಕರ್ಕೊಂಡು ಬರ್ತೀನಿ, ಅಷ್ಟರಲ್ಲಿ ಸೋದರಮಾವನ ಹೆಸರು ಸೇರಿಸಿ ಅಚ್ಚು ಹಾಕಿರು!"

"ಆಗ್ಲವ್ವ!"

ಸೋಮಲಿಂಗ ವೈರ್ ಸಿಕ್ಕಿಸಿದ. ಟಣ್! "ನಮಸ್ಕಾರ! ನಾನು ಹರಟೆಮಿತ್ರ, ಬಂದಿದ್ದೀನಿ!" ಸೋಮಲಿಂಗ ಎದ್ದು ನಿಂತು ಕೈ ಮುಗಿದ.

ಹೊನ್ನಾಜಮ್ಮ ಹೇಗೋ ಗೋಗರೆದು ಶೆಟ್ಟರನ್ನು ಕರೆತಂದಳು. ಪತ್ರಿಕೆಗಳು ಬಿಸಿಬಿಸಿಯಾಗಿ ಸಿದ್ಧ. ಶೆಟ್ಟರು ಕನ್ನಡಕ ಏರಿಸಿ ಓದಿದರು. "ಆಗಮನಾಭಿಲಾಷಿಗಳು, ಶ್ರೀ ಹರಟೆಮಿತ್ರ, ಕುಮಾರಿ ಜಾತಕಮಿತ್ರೆ, ಶ್ರೀ ಅಡುಗೆಮಿತ್ರ." ಅವರ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಸೋದರಮಾವ.

"ಇವ್ರೆಲ್ಲ ಯಾರ ಕಡೆಯೋರಮ್ಮ?" ಅಂದ ಶೆಟ್ಟರು, ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಸೀದಾ ಎದುರಿನ ಪ್ರೆಸ್ಸಿಗೆ ಹೋದರು.

ಹೊನ್ನಾಜಮ್ಮ ಕುಸಿದು ಕೂತಳು. "ಹಾಳಾದೋನೇ! ಈಗಲಾದ್ರೂ ಆ ದರಿದ್ರಾನ ತೆಗೆದು ಆಚೆ ಹಾಕೋ!"

ಹುಟ್ಟಿದಾಗಿನಿಂದ ಮೊದಲ ಸಲ ಸೋಮಲಿಂಗ ಅವ್ವನ ಮಾತು ಮೀರಿದ.

"ಛೆ ಛೆ! ಪತ್ರಿಕೇಲಿ ಹೆಸರು ಹಾಕಿಸ್ಕೊಂಡ ನೆಂಟರನ್ನ ಮದುವೆ ಮುಗಿಯೋ ಮುಂಚೆ ಯಾರಾದ್ರೂ ಆಚೆ ಹಾಕ್ತಾರೇನವ್ವಾ?"