ಮೊಳೆಯದ ಸಾಲ

ನಂಬದವರು ಬೇಕಾದರೆ ಹೊಲಕ್ಕೇ ಹೋಗಿ ಕೇಳಿಕೊಂಡು ಬನ್ನಿ: ಒಂದು ಕಟ್ಟಿರುವೆ ಅಲ್ಲಿನ ಹಕ್ಕಿಗಳಿಗೆಲ್ಲ ಬಿತ್ತನೆ ಜೋಳ ಸಾಲ ಕೊಟ್ಟು ವಾರವಾರ ಕಂತು ವಸೂಲಿ ಮಾಡುತ್ತಿತ್ತು. ಒಂದು ಕಂತೂ ತಪ್ಪಿಲ್ಲವೆಂದು ಅದಕ್ಕೆ ಭಾರಿ ಜಂಬ. ಒಂದು ವಾರ ಗೌಜಲಕ್ಕಿ ಬರಿಗೊಕ್ಕಿನಲ್ಲಿ ಬಂತು.

"ಕಂತೆಲ್ಲಿ, ಗೌಜಲಮ್ಮ?"

"ಹೆಗ್ಗಣ ಬಿಲ ಮುಚ್ಚಿಕೊಂಡಿದೆ, ಇರುವೆಯಪ್ಪ. ಇಷ್ಟು ದಿನ ಅದರ ಹತ್ತಿರ ಸಾಲ ತಂದು ನಿನಗೆ ಕಟ್ಟುತ್ತಿದ್ದೆ, ನಿನ್ನ ಹತ್ತಿರ ತಂದು ಅದಕ್ಕೆ ಕಟ್ಟುತ್ತಿದ್ದೆ. ಎಲ್ಲ ಹಕ್ಕಿಗಳದ್ದೂ ಇದೇ ಪಾಡು."

"ನಾನು ಕೊಟ್ಟದ್ದನ್ನು ಬಿತ್ತಲಿಲ್ಲವೇ?"

"ಬಿತ್ತಿದೆ. ಬಾ, ನೀನೇ ನೋಡು."

ಗೌಜಲಕ್ಕಿ ಮಣ್ಣು ಕೆದರಿತು. ಒಂದು ಕಾಳೂ ಮೊಳೆತಿರಲಿಲ್ಲ. ಗೂಡಿನ ಉಗ್ರಾಣದಲ್ಲಿ ಚಿಗುರಿ ಕೆಡದಿರಲೆಂದು ಇರುವೆಯೇ ಪ್ರತಿ ಕಾಳಿನ ಮೊಳಕೆಯ ತುದಿಯನ್ನು ಕಚ್ಚಿ ತೆಗೆದಿತ್ತು.

"ನಿನ್ನ ಕಾಳು ಭದ್ರವಾಗಿರಲಿ ಅಂತ ನಮ್ಮ ಬೆಳೆ ತಿಂದೆಯಲ್ಲೋ," ಎಂದಿತು ಗೌಜಲಕ್ಕಿ.

ಇರುವೆ ಮೀಸೆ ಸವರಿಕೊಂಡಿತು. "ಕಚ್ಚದೆ ಉಳಿದ ಹಿಡಿ ಕಾಳಿದೆ, ಒಯ್ದು ಬಿತ್ತು. ತೆನೆ ಬರೋವರೆಗೂ ಕಂತು ಕೇಳೋದಿಲ್ಲ."

"ಅಲ್ಲಿವರೆಗೆ ನಿನ್ನ ಗೂಡಿನವರು ಏನು ತಿಂತಾರೆ?"

"ಅರೆಹೊಟ್ಟೆ ಇರ್ತೀವಿ. ನೀನು ಬಿತ್ತು."

ಹಳೆಯ ಸಾಲ ಪೂರಾ ಮುಳುಗಿತು. ಸುಗ್ಗಿಯಲ್ಲಿ ಗೌಜಲಕ್ಕಿ ಇರುವೆಗೆ ತುಂಬಿದ ತೆನೆಯೊಂದನ್ನು ಕೊಟ್ಟಿತು.